ನಾಗಬನದ ಜೀರ್ಣೋದ್ಧಾರ: ಸಮಿತಿಯವರಿಗೊಂದು ಕೈಪಿಡಿ

ಈ ಕೈಪಿಡಿ ತುಳುನಾಡಿನ ಕುಟುಂಬಗಳಿಗೆ. ಅದರಲ್ಲೂ ಮುಂಬಯಿಯಲ್ಲೋ ದುಬೈಯಲ್ಲೋ ನಾಲ್ಕು ಕಾಸು ಮಾಡಿಕೊಂಡು, ಊರಿನ ಮೂಲ ನಾಗನಿಗೆ ಏನಾದರೂ ಮಾಡಲೇಬೇಕು ಎಂದು ಹಂಬಲಿಸುವವರಿಗೆ. ಬೇಕಾಗುವ ಸಾಮಗ್ರಿ: ಹಳೆಯ ಬನ ಒಂದು, ಸಮಿತಿ ಒಂದು, ರಸೀದಿ ಪುಸ್ತಕ, ಧಾರಾಳ ಭಕ್ತಿ. ಭಕ್ತಿ ಕಡಿಮೆ ಬಿದ್ದರೆ ಕೆಲಸ ಕೆಡುತ್ತದೆ. ನಾಸ್ತಿಕರು ಬನದ ತಂಟೆಗೆ ಹೋದದ್ದು ಅಪರೂಪ.

ಮೊದಲು ಬನವನ್ನು ಸರಿಯಾಗಿ ನೋಡಿಕೊಳ್ಳಿ. ಗದ್ದೆಯ ಬದಿಯಲ್ಲಿ ಕೆಲವೇ ಸೆಂಟ್ಸ್ ಜಾಗ. ಸುರಗಿ, ರೆಂಜೆ, ಕಾಸರಕ, ಅವಕ್ಕೆಲ್ಲ ಸುತ್ತಿಕೊಂಡ ತೋಳುಗಾತ್ರದ ಬಳ್ಳಿ, ಮುಳ್ಳುಬೆತ್ತ. ಬುಡದಲ್ಲಿ ಪಾಚಿ ಹಿಡಿದ ನಾಗನ ಕಲ್ಲು, ಕಳೆದ ನಾಗರಪಂಚಮಿಯ ಸೀಯಾಳದ ಬುರುಡೆ, ಒಣಗಿದ ಹಿಂಗಾರ. ಕಾಲಿಟ್ಟರೆ ತರಗೆಲೆಯಲ್ಲಿ ಪಾದ ಹೂತುಹೋಗುತ್ತದೆ. ಇಲ್ಲಿ ಕತ್ತಿ ಆಡಿಸಬಾರದು, ಬಿದ್ದ ಕಟ್ಟಿಗೆಯನ್ನೂ ಒಲೆಗೆ ಒಯ್ಯಬಾರದು ಎಂದು ಅಜ್ಜಿ ಹೆದರಿಸಿಟ್ಟದ್ದರಿಂದ ಇಷ್ಟಾದರೂ ಉಳಿದಿದೆ. ಪಶ್ಚಿಮ ಘಟ್ಟದ ದೇವರಕಾಡುಗಳ ಬಗ್ಗೆ ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ 1976ರಲ್ಲೇ ಬರೆದಿದ್ದರು. ದೇವರ ಹೆದರಿಕೆ ಕಾಡನ್ನು ಕಾಯುತ್ತದೆ ಎಂಬುದು ವಿಜ್ಞಾನಿಗಳಿಗೂ ಗೊತ್ತಿದ್ದ ಸಂಗತಿ. ನೀವು ಆ ಹೆದರಿಕೆಯನ್ನು ಹೋಗಲಾಡಿಸಬೇಕಿಲ್ಲ. ದಿಕ್ಕು ತಿರುಗಿಸಿದರೆ ಸಾಕು.

ಅದಕ್ಕೆ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿ. ಮಗಳ ಮದುವೆ ತಡವಾದದ್ದು, ಸೊಸೆಗೆ ಮಕ್ಕಳಾಗದ್ದು, ತಮ್ಮನ ಚರ್ಮರೋಗ, ಎಲ್ಲವೂ ನಾಗದೋಷವೆಂದೇ ಬರುತ್ತದೆ. ಕಾರಣ, ಸಾನ್ನಿಧ್ಯ ಜೀರ್ಣವಾಗಿದೆ. ಎಂದರೆ ಮರದ ಬೇರು ಕಲ್ಲನ್ನು ಎತ್ತಿದೆ. ನಿನ್ನೆಯವರೆಗೆ ಮರ ಕಡಿದರೆ ದೋಷ, ಇವತ್ತಿನಿಂದ ಕಡಿಯದಿದ್ದರೆ ದೋಷ! ಈ ಒಂದು ತಿರುವು ಸಿಕ್ಕಿತೆಂದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ನಾಗನಿಗೆ ಮರವೇ ಮನೆ, ಮುಟ್ಟಬೇಡಿ ಎನ್ನುವ ಪುರೋಹಿತರೂ ನಮ್ಮಲ್ಲಿದ್ದಾರೆ. ಅಂಥವರನ್ನು ಕರೆಸಬೇಡಿ.

ಮರ ಕಡಿಯುವಾಗ ಹಿರಿಯರು ಯಾರಾದರೂ ಅಳುಕಿದರೆ ತಪ್ಪುಕಾಣಿಕೆ ಹಾಕಿಸಿ. ಆಮೇಲೆ ಜೆಸಿಬಿ. ತರಗೆಲೆ, ಹುತ್ತ, ಬೇರು ಎಲ್ಲ ಬಾಚಿ ಮುರಕಲ್ಲಿನ ಪಾಗಾರ, ಗ್ರಾನೈಟಿನ ಕಟ್ಟೆ, ಸುತ್ತ ಇಂಟರ್‌ಲಾಕ್. ದಾನಿಗಳ ಹೆಸರಿನ ಫಲಕ ನಾಗನ ಕಲ್ಲಿಗಿಂತ ದೊಡ್ಡದಿರಲಿ. ಸತ್ತ ನಾಗರಹಾವು ಕಂಡರೆ ಶಾಸ್ತ್ರೋಕ್ತವಾಗಿ ಸಂಸ್ಕಾರ ಮಾಡುವ ಊರು ನಮ್ಮದು. ಬದುಕಿರುವ ಹಾವಿನ ಬಿಲದ ಬಗ್ಗೆ ಎಸ್ಟಿಮೇಟಿನಲ್ಲಿ ಕಾಲಂ ಇರುವುದಿಲ್ಲ.

ಕೆಲಸ ಮುಗಿದ ಮೇಲೆ ಕೆಲವು ತೊಂದರೆಗಳು ಬರಬಹುದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಾಡು ಇದು. ತರಗೆಲೆಯ ಹಾಸು ಹೀರಿಕೊಳ್ಳುತ್ತಿದ್ದ ನೀರು ಈಗ ಇಂಟರ್‌ಲಾಕಿನ ಮೇಲೆ ಹರಿದು ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಅವರು ಜಗಳಕ್ಕೆ ಬಂದರೆ ಚರಂಡಿ ಮಾಡಿಸಿ. ಹಾವು ಬಚ್ಚಲುಮನೆಯಲ್ಲಿ ಕಂಡರೆ ಹಿಡಿಯುವವರಿಗೆ ಫೋನ್ ಮಾಡಿ, ಜೊತೆಗೆ ನಾಗನಿಗೆ ಒಂದು ಆಶ್ಲೇಷಾಬಲಿಯ ಹರಕೆ ಹೇಳಿಕೊಳ್ಳಿ. ಏಪ್ರಿಲ್ ಬಿಸಿಲಿಗೆ ಗ್ರಾನೈಟು ಕಾದು ತಂಬಿಲದ ಪೂಜೆಗೆ ಬಂದವರು ಕಾಲಿಡಲಾಗದೆ ಕುಣಿಯುತ್ತಾರೆ, ಕಾರ್ಪೆಟ್ ಹಾಸಿ. ಮುಂದಿನ ಪ್ರಶ್ನೆಯಲ್ಲಿ ನಾಗನಿಗೆ ನೆರಳಿಲ್ಲ ಎಂದು ಕಂಡುಬಂದರೆ ತಗಡಿನ ಶೀಟು ಹಾಕಿಸಿ. ಅದಕ್ಕೂ ಒಬ್ಬ ದಾನಿ ಸಿಕ್ಕೇ ಸಿಗುತ್ತಾನೆ.

ಈ ವಿಧಾನ ಕೈಕೊಡುವುದು ಒಂದೇ ಸಂದರ್ಭದಲ್ಲಿ: ಅಣ್ಣತಮ್ಮಂದಿರಲ್ಲಿ ಜಾಗದ ತಕರಾರಿದ್ದು ಸಮಿತಿಯೇ ಆಗದಿದ್ದರೆ. ಆಗ ಬನ ತನ್ನ ಪಾಡಿಗೆ ಉಳಿದುಬಿಡುತ್ತದೆ.

ನಿಮ್ಮ ಕುಟುಂಬದ ಬನ ಇನ್ನೂ ಹಾಗೇ ಇದ್ದರೆ, ದಯವಿಟ್ಟು ಈ ಕೈಪಿಡಿ ಸಮಿತಿಯವರ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.