ಮೂಲೆಮನೆ ಕ್ಯಾಪ್ಟನ್

ನಮ್ಮ ಬೀದಿಯಲ್ಲೊಬ್ಬ ಕ್ಯಾಪ್ಟನ್ ಇದ್ದಾನೆ. ವಿಮಾನವೊಂದು ಬಿಟ್ಟು ಅವನ ಹತ್ತಿರ ಎಲ್ಲವೂ ಇದೆ: ಕಮರ್ಷಿಯಲ್ ಪೈಲಟ್ ಲೈಸೆನ್ಸು, 200 ಗಂಟೆ ಹಾರಾಟದ ಲಾಗ್‌ಬುಕ್ಕು, ಕಪ್ಪು ಕನ್ನಡಕ, ಬ್ಯಾಂಕಿನ ಸಾಲ. ಇಂಥವರು ಬೆಂಗಳೂರಿನಲ್ಲಿ ಈಗ ಬಡಾವಣೆಗೊಬ್ಬರು ಸಿಗುತ್ತಾರೆ. ಸಾಫ್ಟ್‌ವೇರ್ ಹುಡುಗರನ್ನು ನೋಡಿ ನೋಡಿ ಬೇಸತ್ತ ನೆಂಟರಿಷ್ಟರಿಗೆ ಇವರೇ ಹೊಸ ರುಚಿ. ಮದುವೆಮನೆಯಲ್ಲಿ "ನಮ್ಮ ಹುಡುಗ ಪೈಲಟ್" ಎಂದರೆ ಎದುರು ಪಂಕ್ತಿಯವರೂ ಎಲೆಯಿಂದ ತಲೆ ಎತ್ತುತ್ತಾರೆ. "ಹೌದಾ, ಯಾವ ಕಂಪನಿ?" ಎಂದು ಯಾರಾದರೂ ಕೇಳಿದರೋ, ಅವರಮ್ಮ ಗಡಿಬಿಡಿಯಿಂದ ಸಾರಿನವನನ್ನು ಕೂಗುತ್ತಾರೆ.

ಕೆಲಸ ಇನ್ನೂ ಆಗಿಲ್ಲ, ಆದರೆ ಭಾಷೆ ಆಗಲೇ ಬಂದುಬಿಟ್ಟಿದೆ. ಕಾಫಿ ಬೇಕಾ ಎಂದರೆ "ಅಫರ್ಮ್" ಅನ್ನುತ್ತಾನೆ. ಗ್ಯಾಸ್ ಸಿಲಿಂಡರಿನವನಿಗೆ ಫೋನಿನಲ್ಲಿ ಮನೆ ನಂಬರು "ಫೋರ್ ನೈನರ್" ಎಂದು ಹೇಳಿದ್ದರಿಂದ ಸಿಲಿಂಡರ್ ಎಲ್ಲೆಲ್ಲೋ ಸುತ್ತಿ ಸಂಜೆ ಬಂತು. ಮೋಡ ಕಟ್ಟಿದಾಗ ಅಮ್ಮ "ಬಟ್ಟೆ ತೆಗೀಲೇನೋ?" ಎಂದರೆ ಆಕಾಶ ನೋಡುವುದಿಲ್ಲ, ಮೊಬೈಲಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಮೆಟಾರ್ ಎಂಬ ಹವಾ ವರದಿ ತೆರೆಯುತ್ತಾನೆ. "2,500 ಅಡಿಯಲ್ಲಿ ಸಿಬಿ ಇದೆಯಮ್ಮಾ, ಇನ್ನರ್ಧ ಗಂಟೆಗೆ ಮುಂದಿನ ರಿಪೋರ್ಟ್ ಬರುತ್ತೆ, ನೋಡೋಣ." ಅಷ್ಟರಲ್ಲಿ ಸಿಬಿ ಎಂಬ ಆ ಗುಡುಗು ಮೋಡವೇ ತಾರಸಿಗೆ ಬಂದು ಬಟ್ಟೆ ಒಗೆದು ಹೋಗಿರುತ್ತದೆ.

ತರಬೇತಿ ಮುಗಿಸಿ ಬಂದ ಹೊಸತರಲ್ಲಿ ಅವನದು ಒಂದೇ ಹಟ. ಹಾರಿಸಿದರೆ ಏರ್‌ಬಸ್ 320, ಇಲ್ಲದಿದ್ದರೆ ಇಲ್ಲ. ಅವರಪ್ಪ ಶಿವಮೊಗ್ಗದಲ್ಲಿ ಅಡಿಕೆ ತೋಟ ನೋಡಿಕೊಂಡಿರುವವರು. 2023ರ ಆಗಸ್ಟ್ 31ರಂದು ಅಲ್ಲಿನ ಸೋಗಾನೆಯ ಹೊಸ ವಿಮಾನ ನಿಲ್ದಾಣಕ್ಕೆ ಬೆಂಗಳೂರಿನಿಂದ ಮೊದಲ ವಿಮಾನ ಬಂದಾಗ ಬಿಸಿಲಲ್ಲಿ ನಿಂತು ಫೋಟೊ ಹೊಡೆದು ಮಗನಿಗೆ ಕಳಿಸಿದ್ದರು. ಅದು ಎಟಿಆರ್ 72. "ಇದು ಫ್ಯಾನ್ ಇರೋ ವಿಮಾನ ಅಪ್ಪ, ನಮಗಲ್ಲ" ಎಂದು ಉತ್ತರ ಹೋಯಿತು.

ದೊಡ್ಡ ಕಂಪನಿಗಳು ಕರೆಯಲಿಲ್ಲ. ಕೊನೆಗೆ ಕರೆದದ್ದು ಊರೂರಿಗೆ ಎಟಿಆರ್ ಹಾರಿಸುವ ಒಂದು ಪ್ರಾದೇಶಿಕ ಕಂಪನಿ. ಮಿಂಚಂಚೆ ಬಂದ ರಾತ್ರಿಯೇ ಕ್ಯಾಪ್ಟನ್ನಿಗೆ ಫ್ಯಾನಿನ ಮೇಲೆ ಪ್ರೇಮ ಹುಟ್ಟಿತು. ಮರುದಿನ ನನ್ನನ್ನು ಗೇಟಿನಲ್ಲೇ ಹಿಡಿದು, ಆರು ರೆಕ್ಕೆಯ ಪ್ರೊಪೆಲರ್, ಪಿಡಬ್ಲ್ಯು127 ಎಂಜಿನ್, ಹತ್ತಿರದ ಊರುಗಳಿಗೆ ಜೆಟ್‌ಗಿಂತ ಎಷ್ಟು ಕಡಿಮೆ ಇಂಧನ ಸಾಕು ಎಂದು ಪಾಠ ಮಾಡಿದ. ಪಾಠವೇನೋ ಸರಿಯಾಗಿಯೇ ಇತ್ತು. ದಿನಕ್ಕೆ ನಾಲ್ಕೈದು ಸಲ ಏರಿ ಇಳಿಯುವ ಈ ಸಣ್ಣ ವಿಮಾನಗಳಲ್ಲಿ ಕೈ ಪಳಗುವಷ್ಟು ಬೇಗ ದೊಡ್ಡವುಗಳಲ್ಲಿ ಪಳಗುವುದಿಲ್ಲ ಎಂದು ಬಲ್ಲವರೂ ಹೇಳುತ್ತಾರೆ. ಅವರ ಮಾತನ್ನು ಇವನು ಕೇಳಿಸಿಕೊಂಡದ್ದು ಮಾತ್ರ ಬೇರೆ ಯಾರೂ ಕರೆಯದ ಮೇಲೆ.

ಸಂದರ್ಶನ ಸೋಮವಾರ ಎಂಟೂವರೆಗೆ. ಅಮ್ಮ ಪಂಚಾಂಗ ತೆರೆದರು. "ಏಳೂವರೆಯಿಂದ ಒಂಬತ್ತು ರಾಹುಕಾಲ ಕಣೋ, ಅದಕ್ಕೆ ಮುಂಚೆ ಹೊಸ್ತಿಲು ದಾಟು." ವಿಮಾನದವರ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಅದಕ್ಕೆ ಜುಲು ಎನ್ನುತ್ತಾರೆ. ಇವನ ಎಡಗೈ ವಾಚು ಸದಾ ಜುಲುವಿನಲ್ಲೇ ಇರುತ್ತದೆ. "ಜುಲು ಪ್ರಕಾರ ರಾಹುಕಾಲ 0200ರಿಂದ 0330 ಅಮ್ಮ." "ಆ ಊರಿನ ರಾಹು ಆ ಊರಿಗಾಯ್ತು, ನೀನು ಹೊರಡು."

ಮುಂದಿನದ್ದು ಅವನೇ ನಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದ್ದು. ಹೋಟೆಲಿನ ಹಾಲ್‌ನಲ್ಲಿ ನಲವತ್ತು ಹುಡುಗರು. ಎಲ್ಲರಿಗೂ ಬಿಳಿ ಅಂಗಿ, ಕಪ್ಪು ಪ್ಯಾಂಟು, ಕಪ್ಪು ಟೈ. ತಿಂಡಿಗೆ ಬಂದಿದ್ದ ಹಿರಿಯರೊಬ್ಬರು ಇವನನ್ನು ಕರೆದು "ಎರಡು ಇಡ್ಲಿ, ಚಟ್ನಿ ಬೇರೆ" ಅಂದರಂತೆ. ಹೋಗಿ ತಂದುಕೊಟ್ಟ. ಯಾಕೋ ಎಂದರೆ, "ಕ್ಯಾಮೆರಾದಲ್ಲಿ ನಡವಳಿಕೆ ನೋಡ್ತಾ ಇದ್ದರೆ?" ಅಂದ. ಒಳಗೆ ಹೋಗಿ ಬಂದವನನ್ನೆಲ್ಲ ಉಳಿದವರು ಮುತ್ತುತ್ತಿದ್ದರು: "ಏನ್ ಕೇಳಿದ್ರು? ವಿ ಒನ್ ಕೇಳಿದ್ರಾ?"

ಕೇಳಿದರು. ವಿ ಒನ್ ವೇಗ ದಾಟಿದ ಮೇಲೆ ಒಂದು ಎಂಜಿನ್ ಹೋದರೆ? "ನಿಲ್ಲಿಸಲ್ಲ ಸರ್, ಹಾರ್ತೀನಿ. ನಿಲ್ಲಿಸೋಕೆ ರನ್‌ವೇ ಸಾಲಲ್ಲ." ತೋಟದ ಪತ್ರ ಬ್ಯಾಂಕಿಗೆ ಕೊಟ್ಟು ಕೋರ್ಸಿನ ಅರ್ಧ ಹಣ ಕಟ್ಟಿದ ಮೇಲೆ ಅವರಪ್ಪ ಮಾಡಿದ್ದೂ ಇದನ್ನೇ. ನಿಮ್ಮ ಕ್ಯಾಪ್ಟನ್ ಕುಡಿದು ಬಂದರೆ? ಇದು ಎಲ್ಲರಿಗೂ ಬಾಯಿಪಾಠ. ಪಕ್ಕಕ್ಕೆ ಕರೆದು ಮರ್ಯಾದೆಯಿಂದ ಹೇಳ್ತೀನಿ, ಕೇಳದಿದ್ದರೆ ಕಂಪನಿಗೆ ತಿಳಿಸ್ತೀನಿ. ಹಿರಿಯ ಕ್ಯಾಪ್ಟನ್ ಮುಂದಕ್ಕೆ ಬಾಗಿ "ಆ ಕ್ಯಾಪ್ಟನ್ ನಾನೇ ಆಗಿದ್ರ?" ಎಂದರು. "ನೀವು ಕುಡಿಯಲ್ಲ ಸರ್." ಪಕ್ಕದ ಎಚ್‌ಆರ್ ಮೇಡಂ ಕೆಮ್ಮಿ ನೀರು ಕುಡಿದರು.

ಆಮೇಲೆ ಬಂತು ನಿಜವಾದ ಪ್ರಶ್ನೆ. ನಮ್ಮ ಕಂಪನಿಯೇ ಯಾಕೆ? ನಿಜ ಇಬ್ಬರಿಗೂ ಗೊತ್ತು, ಹೇಳುವಂತಿಲ್ಲ. ಇವನು ಶುರುಮಾಡಿದ: 2017ರ ಏಪ್ರಿಲ್, ಶಿಮ್ಲಾದಿಂದ ದೆಹಲಿಗೆ ಉಡಾನ್ ಯೋಜನೆಯ ಮೊದಲ ಹಾರಾಟ, ಗಂಟೆಯ ಪ್ರಯಾಣಕ್ಕೆ ಅರ್ಧದಷ್ಟು ಸೀಟುಗಳು 2,500 ರೂಪಾಯಿಗೆ, ಹವಾಯಿ ಚಪ್ಪಲಿಯವನೂ ವಿಮಾನ ಹತ್ತಬೇಕು... ಬೆಳಗಿನಿಂದ ಅದೇ ಚಪ್ಪಲಿಯ ಕಥೆ ಕೇಳಿದ್ದ ಮೇಡಂ ಪೆನ್ನು ಕೆಳಗಿಟ್ಟರು.

"ಊರು ಯಾವ್ದಪಾ ನಿಂದು?" ಹಿರಿಯ ಕ್ಯಾಪ್ಟನ್ ಧಾರವಾಡದ ಕಡೆಯವರು.

"ಶಿವಮೊಗ್ಗ ಸರ್."

"ಹೌದನ? ನಿಮ್ಮೂರ ರನ್‌ವೇ ಎಷ್ಟು ಉದ್ದ ಐತಿ?"

ದುಬೈ ಕೇಳಿದ್ದರೆ ಹೇಳುತ್ತಿದ್ದ, ಸಿಂಗಪುರ ಕೇಳಿದ್ದರೂ ಹೇಳುತ್ತಿದ್ದ. ಜಮೀನು ಅಳೆಯುವಾಗಿನಿಂದ ಡಾಂಬರು ಹಾಕುವವರೆಗೆ ನೋಡಿದ ಅಪ್ಪನಿಗೆ 3,200 ಮೀಟರ್ ಎಂದು ನಿದ್ದೆಯಲ್ಲೂ ಗೊತ್ತು. ಮಗನ ಬಾಯಿಂದ ಬಂದದ್ದು "ಸ್ಟ್ಯಾಂಡ್‌ಬೈ ಸರ್".

"ಎಷ್ಟೊತ್ತು ಸ್ಟ್ಯಾಂಡ್‌ಬೈ?"

"ಅಪ್ಪಂಗೆ ಒಂದು ಫೋನ್ ಮಾಡ್ಲಾ ಸರ್?"

ಒಳಗಿದ್ದವರೆಲ್ಲ ನಕ್ಕರಂತೆ. ಅದು ಒಳ್ಳೆಯ ನಗುವೋ ಕೆಟ್ಟ ನಗುವೋ ಅವನಿಗೆ ತಿಳಿಯಲಿಲ್ಲ. "ತಿಳಿಸ್ತೀವಿ" ಎಂದು ಕಳಿಸಿದರು.

ನಮ್ಮ ಮೆಟ್ಟಿಲ ಮೇಲಿಂದಲೇ ಅಪ್ಪನಿಗೆ ಫೋನು ಮಾಡಿದ. "ಏನಾಯ್ತೋ?" "ಹೋಲ್ಡಿಂಗ್‌ನಲ್ಲಿದ್ದೀನಿ ಅಪ್ಪ. ಅಂದ್ರೆ, ಇಳಿಯೋಕೆ ಜಾಗ ಸಿಗೋವರೆಗೂ ಮೇಲೇ ಸುತ್ತೋದು."

"ಎಷ್ಟು ಹೊತ್ತು ಸುತ್ತಬಹುದು?"

"ಇಂಧನ ಇರೋವರೆಗೆ."

ಆ ಕಡೆಯಿಂದ ಅಡಿಕೆ ಸುಲಿಯುವವರ ಮಾತುಕತೆ ಕೇಳುತ್ತಿತ್ತು. "ಈ ಸಲ ಕೊಯ್ಲು ಪರವಾಗಿಲ್ಲ," ಅಂದರು ಅಪ್ಪ. "ಸುತ್ತು."