ನಮ್ ಕಡಿ ಸಾಹೇಬ್ರು

ನಮ್ಮ ಮಹಡಿ ಮನೆಯನ್ನು ಬಾಡಿಗೆಗೆ ನೋಡಲು ಬಂದವರು ಸಾಮಾನ್ಯವಾಗಿ ಮೊದಲು ಕೇಳುವುದು, ‘ನೀರು ಚೆನ್ನಾಗಿ ಬರುತ್ತಾ?’ ಎಂದು. ಸೋಮವಾರಪೇಟೆಯಲ್ಲಿ ಈ ಪ್ರಶ್ನೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಉತ್ತರ ಕೊಡುತ್ತದೆ. 2016ರ ಜೂನ್‌ನಲ್ಲಿ ಬಂದ ಬ್ಯಾಂಕಿನ ಸಾಹೇಬರು ಮಾತ್ರ ನೀರಿನ ಸುದ್ದಿ ಎತ್ತಲಿಲ್ಲ. ಕೊಡೆ ಮಡಿಸಿ ಮೂಲೆಗಿಟ್ಟರು. ಜಗಲಿಯ ನಾಲ್ಕೂ ಗೋಡೆಗಳ ಮೇಲೆ ಕಣ್ಣಾಡಿಸಿದರು. ಆಮೇಲೆ ಕೇಳಿದರು:

“ಬಂದೂಕ ಎಲ್ಲಿಟ್ಟೀರಿ ಸರ?”

ಬಂದೂಕು ಇಲ್ಲವೆಂದೆ. ಮಿಲ್ಟ್ರಿಯಲ್ಲಿದ್ದಿರೇನು ಎಂದರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು, ಶಿಸ್ತೆಂದರೆ ನನಗೆ ಹಾಜರಿ ಪುಸ್ತಕ ಮಾತ್ರ ಎಂದೆ. “ಮತ್ತ ಹಂದಿ…” ಎಂದು ಶುರು ಮಾಡಿದವರು, ಒಳಗಿನಿಂದ ಕಾಫಿ ಹಿಡಿದು ಬಂದ ನನ್ನಾಕೆಯ ಹಣೆಯ ವಿಭೂತಿ ಕಂಡು ವಾಕ್ಯವನ್ನು ಅಲ್ಲೇ ನುಂಗಿದರು. ನಾಗರಹೊಳೆಗೆ ಹುಲಿ ನೋಡಲು ಹೋಗಿ ಜಿಂಕೆ ನೋಡಿ ಬಂದವರ ಮುಖವನ್ನು ನೀವು ನೋಡಿರಬಹುದು. ಅದೇ ಮುಖ.

“ಹಂಗಾದ್ರ ನೀವು ಕೂರ್ಗ್‌ನವ್ರ ಅಲ್ಲೇನ್ರಿ?”

ಈ ಪ್ರಶ್ನೆಯನ್ನು ನನಗೆ ಮೈಸೂರಿನಲ್ಲಿ ಕೇಳಿದ್ದಾರೆ, ಬೆಂಗಳೂರಿನಲ್ಲಿ ಕೇಳಿದ್ದಾರೆ. ನನ್ನದೇ ಜಗಲಿಯಲ್ಲಿ, ನನ್ನದೇ ಕಾಫಿ ಕುಡಿಯುತ್ತ ಕೇಳಿದವರು ಇವರೊಬ್ಬರೇ. ಅವರನ್ನು ಕೂರಿಸಿ ಪಾಠ ಮಾಡಿದೆ: ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ ಭೂಮಿ ಉಳ್ಳವರಿಗೆ, ನಾನು ಎರಡೂ ಅಲ್ಲ. (ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ ಮುಂದೆ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ, 2029ರವರೆಗೆ, ಮುಂದುವರಿಸಿತು. ನನ್ನ ಪರಿಸ್ಥಿತಿಯಲ್ಲಿ ಬದಲಾವಣೆಯಾಗಲಿಲ್ಲ.) ಕೊಡಗಿನಲ್ಲಿ ಕೊಡವರಿದ್ದಾರೆ, ಅರೆಭಾಷೆ ಗೌಡರಿದ್ದಾರೆ, ಒಕ್ಕಲಿಗರಿದ್ದಾರೆ, ಲಿಂಗಾಯತರಿದ್ದಾರೆ, ಮಲಯಾಳ ತುಳು ಮಾತಾಡುವವರಿದ್ದಾರೆ ಎಂದೆ. ಅವರು ಎಲ್ಲವನ್ನೂ ಗಮನವಿಟ್ಟು ಕೇಳಿದರು.

“ನಮ್ ಕಡಿ ಹಂಗಿಲ್ರಿ” ಎಂದರು.

ಅಲ್ಲಿಂದ ಮೂರು ವರ್ಷ ಈ ವಾಕ್ಯ ನಮ್ಮ ತಲೆಯ ಮೇಲೆ ವಾಸವಾಗಿತ್ತು. ಅವರ ಊರು ಬೆಳಗಾವಿ ಜಿಲ್ಲೆಯ ರಾಮದುರ್ಗದ ಹತ್ತಿರ, ಮಲಪ್ರಭಾ ದಂಡೆಯ ಒಂದು ಹಳ್ಳಿ. ಅಲ್ಲಿ ಬದನೆಕಾಯಿಗೆ ರುಚಿ ಇರುತ್ತಿತ್ತು, ಮೊಸರಿಗೆ ಕೆನೆ ಇರುತ್ತಿತ್ತು, ಕಂಡಕ್ಟರಿಗೆ ಮರ್ಯಾದೆ ಇರುತ್ತಿತ್ತು. ಒಂದು ದಿನ ತಂತಿಯ ಮೇಲೆ ತೊಯ್ದು ಕುಳಿತಿದ್ದ ಕಾಗೆಯನ್ನು ನೋಡಿ, “ನಮ್ ಕಡಿ ಕಾಗಿ ಹಿಂಗ ಮೋತಿ ಸಣ್ಣ ಮಾಡಿ ಕೂಡಂಗಿಲ್ರಿ” ಎಂದರು. ಕಾಫಿ ಕಣದ ಪಕ್ಕದಲ್ಲಿ ನಿಂತು ಚಾ ಕೇಳುತ್ತಿದ್ದರು. ನಾವು ಮಳೆಯನ್ನು ಇಂಚು, ಸೆಂಟಿನಲ್ಲಿ ಅಳೆಯುವುದು ಅವರಿಗೆ ದೊಡ್ಡ ವಿನೋದ. “ಮೂರು ಇಂಚು ನಲವತ್ತು ಸೆಂಟು ಅಂದ್ರ ಅದೇನ್ರಿ, ಸೈಟೇನು?” ಅವರ ಕಡೆ ಮಳೆಗೆ ಇರುವುದು ಒಂದೇ ಅಳತೆ: ಹದ ಆಯಿತು, ಇಲ್ಲವೆ ಆಗಲಿಲ್ಲ.

ಭಾಷೆಯದಂತೂ ಬೇರೆ ಕಥೆ. ಬಂದ ಎರಡನೆಯ ದಿನ ಸಂಜೆ ಬಾಗಿಲು ತಟ್ಟಿ, “ವೈನಿ ಅದಾರೇನ್ರಿ?” ಎಂದರು. ಕೊಡಗಿನಲ್ಲಿ ಮನೆಮನೆಯಲ್ಲೂ ವೈನು ಮಾಡುತ್ತಾರೆಂದು ಊರೆಲ್ಲ ನಂಬಿದೆ. ಬಂದೂಕಾಯಿತು, ಹಂದಿಯಾಯಿತು, ಇದೊಂದು ಬಾಕಿಯಿತ್ತು ಎಂದು ನನಗೆ ರೇಗಿತು. “ಸಾಹೇಬ್ರೆ, ನಮ್ಮನೇಲಿ ವೈನೂ ಇಲ್ಲ, ಬ್ರಾಂದಿಯೂ ಇಲ್ಲ” ಎಂದು ಗಟ್ಟಿಯಾಗಿಯೇ ಹೇಳಿದೆ. ಪಾಪ, ಅವರು ಶೇಂಗಾ ಚಟ್ನಿ ಪುಡಿಯ ಡಬ್ಬಿ ಹಿಡಿದು ನಿಂತಿದ್ದರು. ವೈನಿ ಎಂದರೆ ಅತ್ತಿಗೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನಿಗೆ ಇದು ಗೊತ್ತಿರಲಿಲ್ಲ ಎಂಬುದನ್ನು ನನ್ನಾಕೆ ಈಗಲೂ ನೆಂಟರಿಷ್ಟರಿಗೆ ಹೇಳುತ್ತಾಳೆ.

ಆದರೆ ಸೇಡು ತೀರಿಸಿಕೊಳ್ಳುವ ಕಾಲ ದೂರವಿರಲಿಲ್ಲ. ಆಗಸ್ಟ್ 3 ಬಂತು. ಆಟಿ ಹದಿನೆಂಟು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಆಟಿ ತಿಂಗಳ ಹದಿನೆಂಟನೆಯ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ತುಂಬಿಕೊಳ್ಳುತ್ತದೆ ಎಂಬುದು ನಮ್ಮಲ್ಲಿಯ ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ಗಾಢ ನೇರಳೆಗೆ ತಿರುಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುತ್ತೇವೆ. ಕೊಡವರು, ಗೌಡರು, ನಾವು, ಎಲ್ಲರೂ ಮಾಡುತ್ತೇವೆ. ನನ್ನಾಕೆ ಒಂದು ದೊಡ್ಡ ಬಟ್ಟಲು ಮೇಲಕ್ಕೆ ಕಳಿಸಿದಳು. ಸಾಹೇಬರು ಬಟ್ಟಲು ತೊಳೆದು ವಾಪಸು ತಂದು, ಮೊದಲ ಸಲ ಹೋಲಿಕೆ ಇಲ್ಲದ ಒಂದು ವಾಕ್ಯ ಹೇಳಿದರು: “ಭಾಳ ಚಲೋ ಆಗಿತ್ರಿ ವೈನಿ.” ಇನ್ನೊಂದು ಬಟ್ಟಲು ಹೋಯಿತು.

ಮರುದಿನ ಬೆಳಗಿನ ಐದೂವರೆಗೆ ಬಾಗಿಲು ಸದ್ದಾಯಿತು. ಹೊರಗೆ ಜಡಿಮಳೆ. ಸಾಹೇಬರು ರೈನ್‌ಕೋಟು ಹಾಕಿ, ತಲೆಗೆ ಮಫ್ಲರು ಸುತ್ತಿ, ಕೈಯಲ್ಲೊಂದು ಫೈಲು ಹಿಡಿದು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

“ಸರ, ಇಲ್ಲಿ ಕಿಡ್ನಿ ಡಾಕ್ಟ್ರು ಯಾರರೆ ಅದಾರೇನ್ರಿ?”

ನನಗೆ ಕೂಡಲೇ ಅರ್ಥವಾಯಿತು. ಕೊಡಗಿನ ಯಾವ ಮಗುವಿಗೂ ಅರ್ಥವಾಗುತ್ತದೆ. ಆ ಪಾಯಸ ತಿಂದವರಿಗೆ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಒಳ್ಳೆಯ ಮನುಷ್ಯನಾಗಿದ್ದರೆ ಆಗಲೇ ಹೇಳಿಬಿಡುತ್ತಿದ್ದೆ. ನಾನು ಹೇಳಲಿಲ್ಲ. ಕುರ್ಚಿ ಕೊಟ್ಟೆ. ಯಾವಾಗಿನಿಂದ, ನೋವಿದೆಯೇ, ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದೆಲ್ಲ ವಿಚಾರಿಸಿದೆ. ಅವರು ಫೈಲು ತೆಗೆದು ವಿಮೆ ಪಾಲಿಸಿಗಳನ್ನು ಒಂದೊಂದಾಗಿ ತೋರಿಸತೊಡಗಿದರು. ನಾಮಿನಿ ಕಾಲಂನಲ್ಲಿ ತಾಯಿಯ ಹೆಸರಿತ್ತು. ಅಲ್ಲಿಗೆ ನನ್ನ ಆಟ ನನಗೇ ಹೇಸಿಗೆಯಾಯಿತು. ಸತ್ಯ ಹೇಳಿದೆ. ಎರಡು ನಿಮಿಷ ಸುಮ್ಮನೆ ಕೂತರು.

“ನಮ್ ಕಡಿ ಪಾಯ್ಸ ಹಿಂಗ ಮಾಡಂಗಿಲ್ರಿ” ಎಂದರು. ಅವರ ಮಾತನ್ನು ನಾನು ಒಪ್ಪಿಕೊಂಡದ್ದು ಅದೇ ಮೊದಲು.

ಮುಂದಿನ ಮಳೆಗಾಲ ರೊಟ್ಟಿಯದು. ಊರಿನಿಂದ ತಾಯಿ ಖಡಕ್ ಜೋಳದ ರೊಟ್ಟಿ ಕಟ್ಟಿ ಬಸ್ಸಿಗೆ ಹಾಕುತ್ತಿದ್ದರು. ಅವರ ಕಡೆ ತಿಂಗಳುಗಟ್ಟಲೆ ಹಪ್ಪಳದಂತೆ ಇರುವ ರೊಟ್ಟಿ, ಸೋಮವಾರಪೇಟೆಯ ಜುಲೈನಲ್ಲಿ ರಾತ್ರಿ ಕಳೆಯುವುದರೊಳಗೆ ಒದ್ದೆ ಕರವಸ್ತ್ರವಾಗುತ್ತಿತ್ತು. ಕೊನೆಗೆ ನಾನೇ ನಮ್ಮ ಉಪಾಯ ಹೇಳಿಕೊಟ್ಟೆ: ಬೂಷ್ಟು ಹಿಡಿಯದಿರಲಿ ಎಂದು ನಾವು ಬಟ್ಟೆಯ ಬೀರುವಿನೊಳಗೆ ಸಣ್ಣ ಬಲ್ಬು ಉರಿಸುತ್ತೇವೆ. ಅವರು ಬಟ್ಟೆಗಳನ್ನು ಹೊರಗೆ ಹಾಕಿ ರೊಟ್ಟಿ ಒಳಗಿಟ್ಟರು. ಒಂದು ಸಂಜೆ ಮೇಲೆ ಹೋದಾಗ ಬೀರು ತೆರೆದು ತೋರಿಸಿದರು. ಹಳದಿ ಬೆಳಕಿನಲ್ಲಿ, ಪತ್ರಿಕೆ ಹಾಸಿದ ಹಲಗೆಯ ಮೇಲೆ, ದುಂಡಗೆ ಜೋಡಿಸಿದ ರೊಟ್ಟಿಗಳ ಗೋಪುರ. ದೇವರ ಕೋಣೆಯ ಹಾಗಿತ್ತು.

ಆ ವಾರವೇ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಮೇಣದಬತ್ತಿ ಕೊಡಲು ಹೋದರೆ, ಸಾಹೇಬರು ಒಂದು ರೊಟ್ಟಿಯನ್ನು ಅಂಚು ಹಿಡಿದು ಎತ್ತಿ ನೋಡುತ್ತಿದ್ದರು. ಅದು ಸುಮ್ಮನೆ ಜೋತುಬಿದ್ದಿತ್ತು.

“ರೊಟ್ಟಿನೂ ನಿಮ್ಮ ಕಡೀಗಿ ಆತು ನೋಡ್ರಿ ಸರ.”

ನಕ್ಕೆ. ಕೆಳಗೆ ಬಂದ ಮೇಲೆ ನಗು ನಿಂತಿತು. ಕಡೆ, ಕಡೆ ಎಂದು ಬಡಿದುಕೊಳ್ಳುವವನು ನಮ್ಮನ್ನು ಹೀಗಳೆಯುತ್ತಿದ್ದಾನೆಂದು ಒಂದು ವರ್ಷ ತಿಳಿದಿದ್ದೆ. ಅವನಿಗೆ ಮನೆಯ ನೆನಪಾಗುತ್ತಿದೆ ಅಷ್ಟೆ. ಅಷ್ಟು ಹೇಳಲು ಗಂಡಸರಿಗೆ ಬಾಯಿ ಬರುವುದಿಲ್ಲ, ಬದನೆಕಾಯಿಯನ್ನು ಬೈಯುತ್ತಾರೆ.

ಒಂದೇ ಸಲ ನಮ್ಮಿಬ್ಬರಿಗೆ ನಿಜವಾದ ಜಗಳವಾಯಿತು. “ನಿಮ್ಮ ಮೈಸೂರು ಕಡಿಯವ್ರು ಎಲ್ಲಾ ತಾವ ತಿಂದ್ರು” ಎಂದು ರಾಜಕೀಯ ತೆಗೆದರು. ನನಗೆ ಉರಿಯಿತು. ಯಾವ ಮೈಸೂರು? ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು, 24 ಶಾಸಕರ ನಮ್ಮದೇ ವಿಧಾನಸಭೆ ಇತ್ತು, 1952ರಲ್ಲಿ ನಮ್ಮದೇ ಮುಖ್ಯಮಂತ್ರಿ ಸಿ. ಎಂ. ಪೂಣಚ್ಚ ಇದ್ದರು, ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಚಾ ಲೋಟ ಕೆಳಗಿಟ್ಟರು.

“ನಾವೂ ಅವತ್ತ ಬಂದವ್ರರಿ. ಮುಂಬೈ ಕಡಿಂದ.”

ನನಗೆ ಮಾತು ಹೊರಡಲಿಲ್ಲ. ಒಂದೇ ದಿನ, ಒಂದೇ ವಠಾರಕ್ಕೆ, ಬೇರೆಬೇರೆ ಗಾಡಿಯಲ್ಲಿ ಸಾಮಾನು ತಂದಿಳಿಸಿದ ಇಬ್ಬರು ಬಾಡಿಗೆದಾರರು ನಾವು. ಇಬ್ಬರಿಗೂ ಮತ್ತೊಬ್ಬನೇ ಮನೆ ಮಾಲೀಕ ಎಂಬ ಅನುಮಾನ.

ಇಷ್ಟೆಲ್ಲ ಬರೆದ ಮೇಲೆ ನನ್ನ ಬಂಡವಾಳವನ್ನೂ ಹೇಳಬೇಕು. ಹಾಸನಕ್ಕೆ ಹೋದರೆ ನನ್ನನ್ನು ಕೂರ್ಗಿನವರು ಎನ್ನುತ್ತಾರೆ. ವಿರಾಜಪೇಟೆಗೆ ಹೋದರೆ ಅರ್ಧ ಹಾಸನದವರು ಎನ್ನುತ್ತಾರೆ. ಬೆಂಗಳೂರಿನ ಪ್ರವಾಸಿಗರು ನಮ್ಮ ಪೇಟೆಯ ನಡುವೆಯೇ ಕಾರು ನಿಲ್ಲಿಸಿ, ಕೂರ್ಗಿಗೆ ಇನ್ನೆಷ್ಟು ದೂರ ಎಂದು ಕೇಳುತ್ತಾರೆ. ನನ್ನ ಸ್ಕೂಟರಿನ ಕೆಎ 12 ನಂಬರನ್ನು ಬೆರಳಿಟ್ಟು ತೋರಿಸಿದ್ದೇನೆ. 2008ರ ಚುನಾವಣೆಯಿಂದ ಸೋಮವಾರಪೇಟೆ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲ. ಇಡೀ ಜಿಲ್ಲೆಗೆ ಈಗ ಇಬ್ಬರೇ ಶಾಸಕರು. ಆಮೇಲೆ ಕುಶಾಲನಗರವೂ ಬೇರೆ ತಾಲೂಕಾಗಿ ಹೋಯಿತು. ಹೀಗೆ ಒಂದೊಂದೇ ಕಳೆದುಕೊಂಡವನ ಕೈಯಲ್ಲಿ ಉಳಿದಿರುವುದು ಒಂದೇ ತುರುಫು: ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಹುಟ್ಟಿದ್ದು ನಮ್ಮ ಶನಿವಾರಸಂತೆಯಲ್ಲಿ. ಗೋಣಿಕೊಪ್ಪದ ಗೆಳೆಯನ ಮುಂದೆ ಇದನ್ನು ಎಸೆದೆ. “ಅವರ ತಂದೆ ಕಂದಾಯ ಇಲಾಖೆಯಲ್ಲಿದ್ದರು ಮಾರಾಯ, ನೌಕರಿ ಎಲ್ಲಿ ಹಾಕಿದರೆ ಅಲ್ಲಿ ಮಕ್ಕಳು ಹುಟ್ಟುತ್ತವೆ” ಎಂದ.

ಸುಮ್ಮನಿದ್ದೆನೆ? ಕುಶಾಲನಗರದವರನ್ನು ಕಂಡಾಗ ನಾನೂ, “ನಿಮ್ಮ ಬಯಲುಸೀಮೇಲಿ ಮಳೆ ಹೇಗೆ?” ಎಂದು ಕೇಳುತ್ತೇನೆ. ಶಾಂತಳ್ಳಿಯ ನೆಂಟರು ನಮ್ಮ ಮನೆಗೆ ಬಂದು, ಸೋಮವಾರಪೇಟೆಯಲ್ಲಿ ಬೀಳುವುದು ಮಳೆಯಲ್ಲ, ಶಾಂತಳ್ಳಿಯಲ್ಲಿ ಬಿದ್ದು ಸಿಡಿದ ಹನಿ ಎನ್ನುತ್ತಾರೆ. ಯಾರನ್ನು ಕೇಳಿದರೂ ನಿಜವಾದ ಕೊಡಗು ಅವರ ಬೇಲಿಯವರೆಗೆ. ಬೇಲಿಯಾಚೆ ‘ಆ ಕಡೆ’.

2018ರ ಆಗಸ್ಟ್ ಬಂತು. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತ ಗುಡ್ಡಗಳು ಜಾರಿದವು. ಮನೆ ಕಳೆದುಕೊಂಡವರು ಪರಿಹಾರ ಕೇಂದ್ರಗಳಿಗೆ ಬಂದರು. ಉತ್ತರ ಕರ್ನಾಟಕದಿಂದ ರೊಟ್ಟಿಯ ಗಂಟುಗಳು ಬಂದವು. ಸಾಹೇಬರು ರಜೆ ಹಾಕಿ ಬಡಿಸಲು ನಿಂತರು. ನಮ್ಮ ಜನರಿಗೆ ಅಕ್ಕಿ ರೊಟ್ಟಿ ಗೊತ್ತು, ಇದು ಗೊತ್ತಿಲ್ಲ. ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜಿಯೊಬ್ಬರು ರೊಟ್ಟಿಯನ್ನು ಮುರಿದು ಕಾಫಿಯಲ್ಲಿ ಅದ್ದಿ ತಿನ್ನತೊಡಗಿದರು. ಸಾಹೇಬರಿಗೆ ಇದು ತಡೆಯಲಾಗದ ದೃಶ್ಯ. “ನಮ್ ಕಡಿ…” ಎಂದು ಬಾಯಿ ತೆರೆದರು. ಅಜ್ಜಿ ತಲೆ ಎತ್ತಿ ನೋಡಿದರು.

“…ಹಂಗೂ ತಿಂತಾರವ್ವಾ, ತಿನ್ನು” ಎಂದು ಇನ್ನೊಂದು ರೊಟ್ಟಿ ಇಟ್ಟರು.

ಅವರ ಕಡೆ ಯಾರೂ ಹಾಗೆ ತಿನ್ನುವುದಿಲ್ಲ. ಅವರು ಹೇಳಿದ ಒಂದೇ ಒಂದು ಸುಳ್ಳು ಅದು.

2019ರ ಜೂನ್‌ನಲ್ಲಿ ಊರ ಕಡೆಗೇ ವರ್ಗವಾಯಿತು. ಎರಡೇ ತಿಂಗಳಿಗೆ ಮಲಪ್ರಭಾ ಉಕ್ಕಿತು. ಅದೇ ವಾರ ಇಲ್ಲಿಯೂ ಗುಡ್ಡ ಕುಸಿಯುತ್ತಿತ್ತು. ಫೋನು ಸಿಕ್ಕಿದ್ದು ಮೂರನೆಯ ದಿನ. ತಾಯಿಯನ್ನು ಎತ್ತರದ ನೆಂಟರ ಮನೆಗೆ ಸೇರಿಸಿದ್ದರಂತೆ. ದನಿ ಸೋತಿತ್ತು. “ಸರ, ನಿಮ್ಮ ಕಡಿ ಮಳಿ ನಮ್ಮ ಕಡಿ ಬಂದೈತ್ರಿ. ಬಂದು ಕರಕೊಂಡ ಹೋಗ್ರಿ” ಎಂದರು. ಎಷ್ಟು ಇಂಚು ಎಂದು ಕೇಳಿದೆ. ಇಬ್ಬರೂ ನಕ್ಕೆವು. ಇಂಥ ಹೊತ್ತಿನಲ್ಲಿ ನಗಬಹುದಾದಷ್ಟು.

ಇಲ್ಲಿಗೆ ಭಾವೈಕ್ಯದ ಮೇಲೆ ನಾಲ್ಕು ಸಾಲು ಬರೆಯಬೇಕೆಂದು ಕೈ ತುರಿಸುತ್ತಿದೆ. ಮೇಷ್ಟ್ರ ಚಾಳಿ. ಬೇಡ. ಅದಕ್ಕಿಂತ ಉಪಯೋಗದ ಸಂಗತಿ ಹೇಳುತ್ತೇನೆ. ನಮ್ಮ ಮಹಡಿ ಮನೆ ಈಗ ಖಾಲಿ ಇದೆ. ಎರಡು ಕೋಣೆ, ಅಡುಗೆಮನೆ, ಪುಷ್ಪಗಿರಿಯ ಕಡೆಯಿಂದ ಬರುವ ಗಾಳಿ. ಬೀರುವಿನ ಬಲ್ಬು ತೆಗೆದಿಲ್ಲ. ಯಾವ ಕಡೆಯವರು ಬಂದರೂ ಅಡ್ಡಿಯಿಲ್ಲ. ಆದರೆ ಬಂದೂಕು ಎಲ್ಲಿಟ್ಟಿದ್ದೀರಿ ಎಂದು ಕೇಳಿದವರಿಗೆ ಮುಂಗಡ ಒಂದು ತಿಂಗಳಿನದು ಹೆಚ್ಚು.