ರೇಂಜಾಭಾವ ವಿಚಾರ

ಗ್ರಂಥದ ಆರಂಭದಲ್ಲಿ ಇಷ್ಟದೇವತೆಯನ್ನು ನೆನೆಯುವುದು ಸಂಪ್ರದಾಯ. ಕರೆದಾಗ ಬಾರದ, ಕರೆಯದಿದ್ದಾಗ ಎರಡು ಕಡ್ಡಿಯ ರೂಪದಲ್ಲಿ ಮಿಂಚಿ ಮರೆಯಾಗುವ, ಮಾಳಿಗೆಯ ಈಶಾನ್ಯ ಮೂಲೆಯಲ್ಲಿ ಮಾತ್ರ ನೆಲೆಸಿರುವ ಆ ಶಕ್ತಿಗೆ ಕೈಮುಗಿದು ಈ ಪ್ರಬಂಧಕ್ಕೆ ತೊಡಗುತ್ತೇನೆ. ಪಂಡಿತರು ಆಕೆಯನ್ನು ಸಂಕೇತ ಎನ್ನುತ್ತಾರೆ, ನಮ್ಮ ಕಡೆಯವರು ರೇಂಜ್ ಎನ್ನುತ್ತಾರೆ. ನಾನು ಲೋಕರೂಢಿಯ ಹಿಂದೆ ಹೋಗಿದ್ದೇನೆ.

ಶಾಸ್ತ್ರಗ್ರಂಥಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳಿರಬೇಕು. ವಿಷಯ: ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ. ಪ್ರಯೋಜನ: ಇನ್ನೂ ಪರಿಶೀಲನೆಯಲ್ಲಿದೆ. ಸಂಬಂಧ: ವಿಷಯಕ್ಕೂ ಪ್ರಯೋಜನಕ್ಕೂ ಎಷ್ಟಿದೆಯೋ ಅಷ್ಟು. ಇನ್ನು ಅಧಿಕಾರಿ. ಹಳಬರ ಪ್ರಕಾರ ಅಧಿಕಾರಿ ಎಂದರೆ ಗ್ರಂಥವನ್ನು ಓದುವ ಯೋಗ್ಯತೆ ಉಳ್ಳವನು. ಈಗಿನ ಅರ್ಥದಲ್ಲಿ, ಓದದೆಯೇ ಸಹಿ ಹಾಕುವ ಯೋಗ್ಯತೆ ಉಳ್ಳವನು. ಇಬ್ಬರಿಗೂ ಸ್ವಾಗತ.

ಸಂಶೋಧನೆಯ ಕ್ಷೇತ್ರವಾಗಿ ಅನಗವಾಡಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬೀಳಗಿ ತಾಲ್ಲೂಕಿನ ಈ ಊರನ್ನು ಹೊರಗಿನವರು ಬಲ್ಲದ್ದು ಘಟಪ್ರಭೆಯ ಮೇಲಿನ ಸೇತುವೆಯಿಂದ. ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿ ಇಲ್ಲೇ ನದಿ ದಾಟುತ್ತದೆ. ಸೇತುವೆಯ ಕೆಳಗೆ ಆಲಮಟ್ಟಿಯ ಹಿನ್ನೀರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆ ಆಣೆಕಟ್ಟಿನ ನೀರು ಈಗ 519.60 ಮೀಟರಿಗೆ ನಿಲ್ಲುತ್ತದೆ, ಮುಂದೆ 524.256 ಮೀಟರಿಗೆ ಏರಬೇಕೆಂದು ಯೋಜನೆ. ಮುಳುಗಡೆಯನ್ನು ದಶಾಂಶದ ಮೂರನೆಯ ಸ್ಥಾನದವರೆಗೆ, ಅಂದರೆ ಮಿಲಿಮೀಟರ್ ಲೆಕ್ಕದಲ್ಲಿ, ಹೇಳಬಲ್ಲ ಸರ್ಕಾರವು ನೆಟ್ ಯಾವಾಗ ಬರುತ್ತದೆ ಎಂದು ಕೇಳಿದರೆ “ಹಂತ ಹಂತವಾಗಿ” ಎನ್ನುತ್ತದೆ. ಹಿನ್ನೀರು ಯಾರೂ ಅರ್ಜಿ ಹಾಕದೆ, ಒಟಿಪಿ ಕೇಳದೆ, ಆಧಾರ್ ಜೋಡಣೆಯೂ ಇಲ್ಲದೆ ಬಂತು. ಮನೆಬಾಗಿಲಿಗೆ ಸರ್ಕಾರಿ ಸೇವೆ ತಲುಪಿದ್ದಕ್ಕೆ ಮುಳುಗಡೆಯ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ಸಿಕ್ಕಿಲ್ಲ.

ಈಗ ಲಕ್ಷಣ ವಿಚಾರ. ನೈಯಾಯಿಕರು ಲಕ್ಷಣಕ್ಕೆ ಮೂರು ದೋಷ ಹೇಳುತ್ತಾರೆ: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಬ್ರಾಡ್‌ಬ್ಯಾಂಡಿಗೆ ಅತಿವ್ಯಾಪ್ತಿ ದೋಷವಿದೆ ಎಂದು ಇದುವರೆಗೆ ಯಾರೂ ದೂರು ಕೊಟ್ಟಿಲ್ಲ. ಅವ್ಯಾಪ್ತಿಯನ್ನು ಫೋನೇ ಒಪ್ಪಿಕೊಳ್ಳುತ್ತದೆ. ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬ ಹೆಣ್ಣುಮಗಳು ಹಗಲಿರುಳೆನ್ನದೆ ನಮಗೆ ತರ್ಕಶಾಸ್ತ್ರದ ಪಾಠ ಹೇಳುತ್ತಾಳೆ, ಗುರುದಕ್ಷಿಣೆಯನ್ನು ತಿಂಗಳಿಗೊಮ್ಮೆ ರೀಚಾರ್ಜ್ ರೂಪದಲ್ಲಿ ಪಡೆಯುತ್ತಾಳೆ.

ಅಸಂಭವದ ಬಗ್ಗೆ ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಹರಿದರೆ ಅದು ಬ್ರಾಡ್, ಅಂದರೆ ಅಗಲ. ಈ ಅಗಲದಲ್ಲಿ ಒಂದು ಜಿಬಿಯ ಸಿನಿಮಾ ಇಳಿಯಬೇಕಾದರೆ ಹೆಚ್ಚುಕಡಿಮೆ ಒಂಬತ್ತು ತಾಸು ಬೇಕು. ಊಟ ಮುಗಿಸಿ ಶ್ರೀಕೃಷ್ಣ ಪಾರಿಜಾತ ನೋಡಲು ಕಟ್ಟೆಯ ಮುಂದೆ ಕೂತವರು ಬೆಳಗು ಹರಿದ ಮೇಲೆ ಚಾಪೆ ಸುತ್ತಿಕೊಂಡು ಏಳುತ್ತಾರಲ್ಲ, ಅಷ್ಟು ಹೊತ್ತು. 2013ರಲ್ಲಿ ಈ ಕನಿಷ್ಠ ವೇಗವನ್ನು 512ಕ್ಕೆ ಏರಿಸಲಾಯಿತು. ಅಂದು 300ರ ವೇಗ ಇದ್ದ ಮನುಷ್ಯ ರಾತ್ರಿ ಬ್ರಾಡ್‌ಬ್ಯಾಂಡ್ ಉಳ್ಳವನಾಗಿ ಮಲಗಿ ಬೆಳಿಗ್ಗೆ ಇಲ್ಲದವನಾಗಿ ಎದ್ದ. ತಂತಿ ಅದೇ, ಬಿಲ್ಲೂ ಅದೇ. 2012ರ ದೂರಸಂಪರ್ಕ ನೀತಿ 2015ರ ಹೊತ್ತಿಗೆ 2 ಮೆಗಾಬಿಟ್ ಎಂದಿತ್ತು. 2018ರ ನೀತಿ 2022ರ ಹೊತ್ತಿಗೆ ಪ್ರತಿಯೊಬ್ಬ ಪ್ರಜೆಗೂ 50 ಮೆಗಾಬಿಟ್ ಎಂದಿತು. ಹೀಗೆ ಎಲ್ಲರಿಗೂ 50 ಹಂಚಿ ಮುಗಿದ ಮರುವರ್ಷ, 2023ರ ಜನವರಿಯಲ್ಲಿ, ಇನ್ನು ಮೇಲೆ ಕನಿಷ್ಠ 2 ಇದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಎಂದು ಅಧಿಸೂಚನೆ ಹೊರಟಿತು. ಕಾಲ ಹೀಗೆ ಹಿಂದಕ್ಕೆ ಒತ್ತಿಕೊಂಡು ಬರುವುದನ್ನು ಹಿನ್ನೀರಿನ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಇದ್ದದ್ದನ್ನು ಅಳೆಯಲು ಹೊರಟವರೆಲ್ಲ ಹೀಗೆ ಸೋತರು. ಆದ್ದರಿಂದ ನಾನು ಇಲ್ಲದ್ದರ ಕಡೆಯಿಂದ ಹೊರಟಿದ್ದೇನೆ. ನಮ್ಮ ಹಿರಿಯರು ಇದಕ್ಕೆಂದೇ ದಾರಿ ಮಾಡಿಟ್ಟಿದ್ದಾರೆ. ವೈಶೇಷಿಕರಲ್ಲಿ ಅಭಾವವೇ ಏಳನೆಯ ಪದಾರ್ಥ, ಅದಕ್ಕೆ ನಾಲ್ಕು ಬಗೆ. ಇವರು ರೇಂಜ್ ಹುಟ್ಟುವ ಸಾವಿರ ವರ್ಷ ಮೊದಲೇ ರೇಂಜ್ ಇಲ್ಲದಿರುವುದನ್ನು ವರ್ಗೀಕರಿಸಿಟ್ಟಿದ್ದರು ಎಂಬುದು ನಮ್ಮ ಪರಂಪರೆಯ ಹೆಮ್ಮೆ. ವಾಟ್ಸ್‌ಆ್ಯಪಿನಲ್ಲಿ ಹಂಚಿಕೊಳ್ಳಬಹುದು, ಹೋದರೆ.

ಮೊದಲನೆಯದು ಪ್ರಾಗಭಾವ, ವಸ್ತು ಹುಟ್ಟುವ ಮೊದಲಿನ ಇಲ್ಲದಿರುವಿಕೆ. 2011ರ ಅಕ್ಟೋಬರ್ 25ರಂದು ಕೇಂದ್ರ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿ, 20 ಸಾವಿರ ಕೋಟಿ ರೂಪಾಯಿ, ಎರಡು ವರ್ಷ. ಮುಂದೆ ಹೆಸರು ಭಾರತ್‌ನೆಟ್ ಎಂದಾಯಿತು, 2017ರಲ್ಲಿ ಎರಡನೆಯ ಹಂತ ಬಂತು, 2023ರ ಆಗಸ್ಟಿನಲ್ಲಿ ಪರಿಷ್ಕೃತ ಯೋಜನೆಗೆ 1.39 ಲಕ್ಷ ಕೋಟಿ ರೂಪಾಯಿ ಮಂಜೂರಾಯಿತು. ಪ್ರಾಗಭಾವಕ್ಕೆ ಆದಿ ಇಲ್ಲ, ಅಂತ್ಯ ಉಂಟು ಎನ್ನುತ್ತಾರೆ ತಾರ್ಕಿಕರು. ಅಂತ್ಯದ ಮಾತಿಗೆ ಅವರೇ ಹೊಣೆ.

ಎರಡನೆಯದು ಅನ್ಯೋನ್ಯಾಭಾವ, ಒಂದು ವಸ್ತು ಇನ್ನೊಂದಲ್ಲ ಎಂಬುದು. ಘಟವು ಪಟವಲ್ಲ ಎಂದು ಪಾಠಶಾಲೆಗಳಲ್ಲಿ ಉದಾಹರಣೆ ಕೊಡುತ್ತಾರೆ. ಸರ್ಕಾರಿ ಕಡತದಲ್ಲಿ ಇದಕ್ಕಿಂತ ಸೂಕ್ಷ್ಮವಾದದ್ದಿದೆ: ಸರ್ವಿಸ್ ರೆಡಿ ಎಂಬುದು ಸರ್ವಿಸ್ ಅಲ್ಲ. ದೇಶದಲ್ಲಿ 2 ಲಕ್ಷಕ್ಕೂ ಹೆಚ್ಚು ಪಂಚಾಯ್ತಿಗಳು ಸರ್ವಿಸ್ ರೆಡಿ ಆಗಿವೆ. ಮದುವೆಗೆ ಹುಡುಗ ರೆಡಿ ಎಂದರೆ ಮದುವೆಯಾಯಿತು ಎಂದಲ್ಲ. ಫೈಬರ್ ತಾಲ್ಲೂಕಿನ ಎಕ್ಸ್‌ಚೇಂಜಿನಿಂದ ಹೊರಟು ಪಂಚಾಯ್ತಿ ಕಚೇರಿಯ ಗೋಡೆಯ ಮೇಲಿನ ಒಂದು ಪೆಟ್ಟಿಗೆಗೆ ಬಂದು ಸೇರುತ್ತದೆ. ಅಲ್ಲಿಂದ ಓಣಿಗೆ ಇಳಿಯುವುದು ಬೇರೆ ಯೋಜನೆ, ಬೇರೆ ಟೆಂಡರು. ಕಚೇರಿಗೆ ಸಂಜೆ ಬೀಗ ಬೀಳುತ್ತದೆ. ಒಳಗೆ ಒಂದು ಹಸಿರು ದೀಪ ರಾತ್ರಿಯಿಡೀ ಮಿಣಮಿಣ ಎನ್ನುತ್ತ ತಾನು ಸಿದ್ಧ ಎಂದು ಗೋಡೆಗೆ ಹೇಳುತ್ತಿರುತ್ತದೆ.

ಮೂರನೆಯದು ಪ್ರಧ್ವಂಸಾಭಾವ. ಇದ್ದದ್ದು ನಾಶವಾದ ಮೇಲಿನ ಇಲ್ಲದಿರುವಿಕೆ. ಇದಕ್ಕೆ ಆದಿ ಉಂಟು, ಅಂತ್ಯ ಇಲ್ಲ. ತರ್ಕಗ್ರಂಥಗಳನ್ನು ಬರೆದವರಿಗೆ ಜೆಸಿಬಿ ಹೇಗೆ ಗೊತ್ತಿತ್ತು ಎಂಬುದೇ ಒಂದು ಪ್ರತ್ಯೇಕ ಸಂಶೋಧನೆಯ ವಿಷಯ. ಕುಡಿಯುವ ನೀರಿನ ಪೈಪಿಗೆ ಅಗೆದಾಗ ಕೇಬಲ್ ಹರಿಯುತ್ತದೆ, ಕೇಬಲ್ ಹುಡುಕಲು ಅಗೆದಾಗ ನೀರಿನ ಪೈಪ್ ಒಡೆಯುತ್ತದೆ. ಕಬ್ಬಿನ ಹಂಗಾಮು ಬಂತೆಂದರೆ ನೆಲದ ಕೆಳಗಿನದು ಸಾಲದೆಂದು ಮೇಲಿನದಕ್ಕೂ ಗಂಡಾಂತರ. ಮುಧೋಳ, ಜಮಖಂಡಿ, ಬೀಳಗಿಯ ದಾರಿಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹೇರಿದ ಕಬ್ಬು ಮುಗಿಲು ಮುಟ್ಟುವಂತೆ ಮಾಡಿಕೊಂಡು, ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರು ಕಂಬದಿಂದ ಕಂಬಕ್ಕೆ ಜೋತ ಕೇಬಲ್ಲನ್ನು ಜಡೆಯಂತೆ ಎಳೆದುಕೊಂಡು ಫ್ಯಾಕ್ಟರಿಯವರೆಗೂ ಒಯ್ಯುತ್ತದೆ. ಕಬ್ಬಿನ ತೂಕಕ್ಕೆ ಅದೂ ಸೇರುತ್ತದೆಯೋ ಇಲ್ಲವೋ ವಿಚಾರಿಸಬೇಕು.

ಎಳೆ ಹರಿಯುವುದು ಎಂದರೇನೆಂದು ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಬೇಕು. ಹಾಸಿನಲ್ಲಿ ಒಂದು ಎಳೆ ಹರಿದರೆ ಮಗ್ಗ ನಿಲ್ಲಿಸಿ, ಎರಡು ತುದಿ ಹುಡುಕಿ, ಬೆರಳಲ್ಲಿ ಹೊಸೆದು ಗಂಟು ಹಾಕಿ, ಮತ್ತೆ ಮಗ್ಗ ಹಚ್ಚುತ್ತಾರೆ. ಬಾಯಲ್ಲಿನ ಎಲೆ ಅಡಿಕೆ ಮುಗಿಯುವುದರೊಳಗೆ ಕೆಲಸ ಆಗಿರುತ್ತದೆ. ಗಾಜಿನ ಎಳೆಗೆ ಗಂಟು ಬೀಳದು. ಹೊದಿಕೆ ಬಿಟ್ಟರೆ ಅದರ ದಪ್ಪ ಮಿಲಿಮೀಟರಿನ ಎಂಟನೆಯ ಒಂದು ಪಾಲು, ತಲೆಗೂದಲಿಗಿಂತ ತುಸು ಹೆಚ್ಚು. ಎರಡು ತುದಿಯನ್ನು ಕನ್ನಡಿಯಂತೆ ಕತ್ತರಿಸಿ, ಎದುರುಬದುರು ಹಿಡಿದು, ವಿದ್ಯುತ್ ಕಿಡಿಯಲ್ಲಿ ಕರಗಿಸಿ ಬೆಸೆಯುವ ಯಂತ್ರ ಬೇಕು. ಬೆಸುಗೆ ಕೆಲವೇ ಸೆಕೆಂಡಿನ ಕೆಲಸ. ಯಂತ್ರ ಬರಬೇಕಲ್ಲ. ಯಂತ್ರ ಜಿಲ್ಲೆಗೆ ಒಂದೋ ಎರಡೋ, ತರುವವನಿಗೆ ಗಾಡಿ ಬೇಕು, ಗಾಡಿಗೆ ಗುತ್ತಿಗೆದಾರ ಬೇಕು, ಗುತ್ತಿಗೆದಾರನಿಗೆ ಹಿಂದಿನ ಬಿಲ್ಲು ಬೇಕು. ಇವಿಷ್ಟೂ ಕೂಡಿದಾಗ ಅದೇ ಜಾಗದಲ್ಲಿ ಚರಂಡಿಗೆ ಅಗೆಯುವ ಆದೇಶ ಬಂದಿರುತ್ತದೆ.

ಸರ್ಕಾರ ಸುಮ್ಮನೆ ಕೂತಿದೆ ಎಂದು ಯಾರೂ ಹೇಳಬಾರದು. ಅಗೆಯುವ ಮುನ್ನ ಒಂದು ಮಾತು ತಿಳಿಸಿ ಎನ್ನುವ ಆ್ಯಪನ್ನು 2023ರ ಮಾರ್ಚಿನಲ್ಲಿ ಪ್ರಧಾನಿಯವರೇ ಬಿಡುಗಡೆ ಮಾಡಿದ್ದಾರೆ, ಹೆಸರು ‘ಕಾಲ್ ಬಿಫೋರ್ ಯು ಡಿಗ್’. ಅಗೆಯುವವನು ಅದರಲ್ಲಿ ತಿಳಿಸಿದರೆ ಕೇಬಲ್ ಯಾರದೋ ಅವರಿಗೆ ಸುದ್ದಿ ಹೋಗುತ್ತದೆ. ನಿಜಕ್ಕೂ ಒಳ್ಳೆಯ ಏರ್ಪಾಡು. ಆ್ಯಪ್ ತೆರೆಯಲು ಬೇಕಾದ ನೆಟ್ ಆ ಕೇಬಲ್ಲಿನ ಮೂಲಕವೇ ಬರಬೇಕು ಎಂಬ ಒಂದು ಚಿಕ್ಕ ಅನ್ಯೋನ್ಯಾಶ್ರಯ ದೋಷ ಇದೆ, ಇರಲಿ.

ನಾಲ್ಕನೆಯದಾದ ಅತ್ಯಂತಾಭಾವಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಉದಾಹರಣೆ: ನಮ್ಮ ಹೊಲ.

ಇಷ್ಟಾದ ಮೇಲೆ ಪ್ರಾತ್ಯಕ್ಷಿಕೆ. ನಮ್ಮ ಕಡೆಯದೇ ಒಂದು ನ್ಯಾಯಬೆಲೆ ಅಂಗಡಿ. ಊರ ಹೆಸರು ಬೇಡ. ಕಬ್ಬು ಕಡಿದು ಕಡಿದು ಹೆಬ್ಬೆರಳಿನ ಗೆರೆ ಸವೆದುಹೋದ ಒಬ್ಬ ಅಜ್ಜಿ ಯಂತ್ರದ ಮೇಲೆ ಬೆರಳು ಒತ್ತಿ ನಿಂತಿದ್ದಳು. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಿತ್ತು.

“ಯಮ್ಮಾ, ಬೆರಳ ಒರಸ್ಕೊ. ಇನ್ನೊಮ್ಮೆ ಒತ್ತು.”

“ಒತ್ತೇನಿ ತಮ್ಮಾ. ನಾ ಇಲ್ಲೇ ನಿಂತೇನಲ್ಲೊ, ಅದಕ್ಕ ಯಾಕ ಕಾಣವಲ್ದು?”

“ಸರ್ವರ್ ಡೌನ್ ಐತಿ. ಬೆಂಗಳೂರಿಗೆ ಹೋಗಿ ಬರಬೇಕದು.”

“ನಡಕೊಂತ ಹೋಗೈತೇನು?”

ಇದಕ್ಕಿಂತ ಗಂಭೀರವಾದ ಪ್ರಶ್ನೆಯನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ. ಕೂಡಲೇ ಕಾಗದ ತೆಗೆದು ಲೆಕ್ಕ ಹಾಕಿದೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರು ಸುಮಾರು 500 ಕಿಲೋಮೀಟರ್ ದೂರ. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ, ಹೋಗಲು ಮೂರು ಪಾಲು ಸಾಕು, ಬರಲು ಇನ್ನು ಮೂರು. ಉಳಿದ ಸಮಯವನ್ನು ಯಾರು ತಿಂದರು ಎಂಬುದು ಭೌತಶಾಸ್ತ್ರಕ್ಕೆ ಸೇರಿದ್ದಲ್ಲ. ಅಂಗಡಿಯವನು ಯಂತ್ರವನ್ನು ಎತ್ತಿಕೊಂಡು ಹೊರಬಿದ್ದ. ಸಾಲಿನಲ್ಲಿ ನಿಂತವರೆಲ್ಲ ಚೀಲ ಹಿಡಿದುಕೊಂಡು ಪಲ್ಲಕ್ಕಿಯ ಹಿಂದೆ ಹೋಗುವಂತೆ ಅವನ ಹಿಂದೆ ಬೇವಿನ ಗಿಡದ ತನಕ ಹೋದೆವು. ಅಲ್ಲಿ ಎರಡು ಕಡ್ಡಿ ಇತ್ತು. ಅಜ್ಜಿ ಐದನೆಯ ಸಲಕ್ಕೆ ಇದ್ದಾಳೆಂದು ಸಾಬೀತಾಯಿತು.

ಪೂರ್ವಪಕ್ಷದವರು ಇಲ್ಲಿ ಕೇಳಬಹುದು: ಯಂತ್ರವೆಂದರೆ ಹೀಗೇ ಅಲ್ಲವೇ, ಹಳ್ಳಿಯ ಬಿಸಿಲು ಧೂಳಿಗೆ ಅದೇನು ಮಾಡೀತು? ಉತ್ತರ ದೂರದಲ್ಲಿಲ್ಲ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿದೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ತಯಾರಿಸಿದ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು 1986ರಲ್ಲಿ ಅಲ್ಲೇ ಕೂಡಿಸಿದರು. 128 ಪೋರ್ಟಿನ ಪೆಟ್ಟಿಗೆ, ಹವಾನಿಯಂತ್ರಣ ಬೇಡ. ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ಕರೆಂಟಿನ ಗುಣ ತಿಳಿದವರು ಮಾಡಿದ ಯಂತ್ರ ಅದು. ಈ ಒಂದು ಕಂಡಿಕೆಯಲ್ಲಿ ಅಣಕ ಇಲ್ಲ. ಯಂತ್ರ ನಮ್ಮನ್ನು ಬಲ್ಲದ್ದಾಗಿತ್ತು. ಈಗ ಬೆರಳೊತ್ತಿದರೂ ಗುರುತು ಹಿಡಿಯದು.

ಸಾಹಿತ್ಯ ಪ್ರಮಾಣ ಬೇಕೆಂದರೆ ಮುಧೋಳದ ರನ್ನ ಇದ್ದಾನೆ. ಅವನ ದುರ್ಯೋಧನ ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿದಾಗ ಭೀಮ ದಡದಿಂದ ಕೂಗುತ್ತಾನೆ, ಸಂಪರ್ಕ ಸಿಗುತ್ತದೆ. ಹತ್ತನೆಯ ಶತಮಾನದಲ್ಲಿ ನೀರಿನ ತಳದಲ್ಲೂ ವ್ಯಾಪ್ತಿ ಇತ್ತು.

ನೀತಿಯ ತಿರುಳಿಗೆ ಮಾತ್ರ ಪಾರಿಜಾತವೇ ಪ್ರಮಾಣ. ನಾರದ ತಂದ ಒಂದು ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಸಿಟ್ಟಾದಳು. ಸಮಾಧಾನಕ್ಕೆ ಸ್ವರ್ಗದಿಂದ ಗಿಡವನ್ನೇ ಕಿತ್ತು ತಂದು ಅವಳ ಅಂಗಳದಲ್ಲಿ ನೆಟ್ಟ. ಗಿಡ ಬೆಳೆದು ಬಾಗಿ ಹೂವೆಲ್ಲ ರುಕ್ಮಿಣಿಯ ಅಂಗಳದಲ್ಲಿ ಉದುರಿತು ಎಂದು ಕತೆ. ನಮ್ಮಲ್ಲೂ ಹಾಗೇ. ಟವರು ನಮ್ಮ ಊರ ಜಾಗದಲ್ಲಿ, ಬಾಡಿಗೆ ನಮ್ಮವರಿಗೇ, ರೇಂಜ್ ಉದುರುವುದು ಹೆದ್ದಾರಿಯ ಮೇಲೆ, ಎಪ್ಪತ್ತು ಎಂಬತ್ತರ ವೇಗದಲ್ಲಿ ದಾಟಿಹೋಗುವವರ ಮಡಿಲಿಗೆ. ಫೈಬರ್ ಪಂಚಾಯ್ತಿಯಲ್ಲಿ, ಅಂಕಿ ದಿಲ್ಲಿಯಲ್ಲಿ. ಸತ್ಯಭಾಮೆಗೆ ಸಿಕ್ಕಿದ್ದು ದಿನವೂ ಗಿಡದ ಬುಡಕ್ಕೆ ನೀರು ಹಾಕುವ ಕೆಲಸ, ನಮಗೆ ದಿನವೂ ಹೆಬ್ಬೆರಳು ಒತ್ತುವ ಕೆಲಸ. ಹೂವು ಉದುರಿದ ಕಡೆಗೆ ನಾವೇ ಹೋಗಬೇಕು.

ಆದ್ದರಿಂದ ಈ ದಾರಿಯಲ್ಲಿ ಓಡಾಡುವ ಓದುಗರಲ್ಲಿ ಒಂದು ಕೋರಿಕೆ. ಸಂಜೆ ಹೊತ್ತು ಅನಗವಾಡಿ ಸೇತುವೆಯ ಹತ್ತಿರ, ಬೈಕು ಬದಿಗೆ ಹಚ್ಚಿ, ಫೋನನ್ನು ಮುಗಿಲಿಗೆ ಎತ್ತಿ ಹಿಡಿದು ಯಾರಾದರೂ ನಿಂತದ್ದು ಕಂಡರೆ ಹಾರ್ನ್ ಹೊಡೆಯಬೇಡಿ. ಒಟಿಪಿ ಬರುತ್ತಿರುತ್ತದೆ, ಅವಧಿ ಹತ್ತು ನಿಮಿಷ ಮಾತ್ರ.